ಗಾಳದ ಗಳಕ್ಕೊಂದು ಚರಿತ್ರೆ

ಹಿರೇಬೆಂಡಿಗೇರಿಯ ನಮ್ಮ ಮೇದಾರರ ಮನೆಯಲ್ಲಿ ಬುಟ್ಟಿ, ಮೊರ, ಹೆಡಗಿ, ತಟ್ಟಿ, ಏಣಿ ವರ್ಷವಿಡೀ ತಯಾರಾಗುತ್ತಿದ್ದವು. ಗಾಳದ ಗಳಕ್ಕೆ ಮಾತ್ರ ಒಂದು ಕಾಲವಿತ್ತು. ಮಳೆ ಹಿಂದೆ ಸರಿದು, ಕೆರೆಗಳು ತುಂಬಿ, ಕೆನ್ನೀರು ತಿಳಿಯಾದ ಮೇಲೆ ಶಿಗ್ಗಾಂವಿ, ಸವಣೂರು, ಹಾನಗಲ್ಲ ಕಡೆಯಿಂದ ಗಿರಾಕಿಗಳು ಬರುತ್ತಿದ್ದರು. ಬಂದವರಿಗೆ ಅಪ್ಪ ಗಳ ತೋರಿಸುವ ಮೊದಲು ಕೂಡಿಸಿ ನೀರು ಕೊಟ್ಟು ಒಂದೇ ಮಾತು ಕೇಳುತ್ತಿದ್ದ: “ಎಲ್ಲಿ ಕೂಡ್ತೀರಿ? ಕೆರಿ ಏರಿ ಮ್ಯಾಲೋ, ಒಳಗಿನ ದಂಡಿಗೋ, ಹೊಳಿಗೋ?”

ಉತ್ತರ ಬಂದ ಮೇಲೆಯೇ ಒಳಗೆ ಹೋಗಿ ಗಳ ತರುತ್ತಿದ್ದ. ಏರಿಯ ಮೇಲೆ ಕೂಡುವವರಿಗೆ ಎಂಟು ಮೊಳದ್ದು. ಏರಿಯ ಒಳಮೈಗೆ ಕಲ್ಲು ಕಟ್ಟಿರುತ್ತಾರೆ, ಗಾಳ ಆ ಕಲ್ಲು ದಾಟಿ ಬೀಳದಿದ್ದರೆ ಸಂದಿಯಲ್ಲಿ ಸಿಕ್ಕಿಕೊಂಡು ಹೋಗುತ್ತದೆ. ಒಳಗಿನ ದಂಡೆಯಲ್ಲಿ ನೀರು ತೆಳುವು, ಜೊಂಡು ಹೆಚ್ಚು. ಮೀನು ಜೊಂಡಿನ ಅಂಚಿಗೆ ಮೇಯುತ್ತದೆ, ಆದ್ದರಿಂದ ಅಲ್ಲಿಗೂ ಉದ್ದನೆಯದೇ ಬೇಕು, ಆದರೆ ತುದಿ ತೆಳ್ಳಗಿರಬೇಕು. ವರದಾ ಹೊಳೆಗೆ ಹೋಗುವವರಿಗೆ ಐದು ಮೊಳ ಸಾಕು. ದಂಡೆ ಕಡಿದಾಗಿ ಇಳಿದು ಕಾಲ ಬುಡದಲ್ಲೇ ಆಳ ಸಿಗುತ್ತದೆ, ಮೇಲೆ ಮರಗಳು ಬಾಗಿರುತ್ತವೆ, ಉದ್ದನೆಯ ಗಳ ಎತ್ತಿದರೆ ದಾರ ಟೊಂಗೆಗೆ ಸುತ್ತಿಕೊಳ್ಳುತ್ತದೆ. ಬಾಳೆ ಮೀನಿನ ಆಸೆಯಿಂದ ಹೊಳೆಗೆ ಹೋಗುವ ಕೆಲವರು ದೊಡ್ಡ ಗಳವನ್ನೇ ಕೇಳುತ್ತಿದ್ದರು. ಅಪ್ಪ ಕೊಡುತ್ತಿರಲಿಲ್ಲ. ಗಳ ಉದ್ದವಾದಷ್ಟೂ ತುದಿಯಲ್ಲಿ ಎಳೆಯುವ ಮೀನಿನ ಭಾರ ಮುಂಗೈ ಮೇಲೆ ಹೆಚ್ಚುತ್ತದೆ, ಬಲ ಮೀನಿನ ಕಡೆಗೆ ಹೋಗುತ್ತದೆ ಎಂಬುದನ್ನು ಗಿರಾಕಿಯ ಕೈಗೇ ಗಳ ಕೊಟ್ಟು, ತುದಿಗೆ ಒಂದು ತಂಬಿಗೆ ನೀರು ಕಟ್ಟಿ ತೋರಿಸುತ್ತಿದ್ದ.

ಗಳಕ್ಕೆ ಆಗುತ್ತಿದ್ದುದು ಕಿರುಬಿದಿರು. ಮುಂಡಗೋಡ, ಯಲ್ಲಾಪುರ ಕಡೆಯ ಒಣ ಕಾಡಿನಲ್ಲಿ, ಕಲ್ಲುನೆಲದಲ್ಲಿ ಬೆಳೆದದ್ದಾದರೆ ಒಳಗೆ ಟೊಳ್ಳು ಬಹಳ ಕಡಿಮೆ, ಬುಡದ ಹತ್ತಿರವಂತೂ ಗಟ್ಟಿ ಕೋಲು. ಇಂಗ್ಲಿಷರ ಕುದುರೆ ದಂಡಿನವರು ಈಟಿಗೆ ಹಿಡಿ ಮಾಡಿಕೊಳ್ಳುತ್ತಿದ್ದುದು ಈ ಬಿದಿರನ್ನೇ. ಮೂರು ವರ್ಷ ತುಂಬಿದ್ದಾಗಿರಬೇಕು, ಗಿಣ್ಣುಗಳು ಹತ್ತಿರ ಹತ್ತಿರ ಇರಬೇಕು. ಕಡಿಯುವುದು ಅಮಾವಾಸ್ಯೆಯ ಆಸುಪಾಸಿನಲ್ಲಿ. ಕಡಿದದ್ದನ್ನು ವಾರಗಟ್ಟಲೆ ನೀರಿನಲ್ಲಿ ಅದ್ದಿಟ್ಟರೆ ಒಳಗಿನ ಸಿಹಿ, ಪಿಷ್ಟ ಇಳಿದು ಹೋಗುತ್ತವೆ, ಕುಟ್ಟೆ ಹುಳಕ್ಕೆ ತಿನ್ನಲು ಏನೂ ಉಳಿಯುವುದಿಲ್ಲ. ಆಮೇಲೆ ನೆರಳಿನಲ್ಲಿ ಒಣಗಿಸಿ, ಸೊಟ್ಟ ಇದ್ದಲ್ಲಿ ಕೆಂಡದ ಮೇಲೆ ಕಾಯಿಸಿ, ಮೊಣಕಾಲಿಗೆ ಕೊಟ್ಟು ನೆಟ್ಟಗೆ ಮಾಡಿ, ಕುಸುಬಿ ಎಣ್ಣೆ ತಿಕ್ಕಿ, ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಇಡುವುದು. ಕೊನೆಗೆ ಬುಡ ಹಿಡಿದು ಒಮ್ಮೆ ಒದರಿ ನೋಡುವುದು. ತುದಿ ಅಲುಗಿ ಬೇಗ ನಿಂತರೆ ಒಳ್ಳೆಯ ಗಳ, ನಡುಗುತ್ತಲೇ ಇದ್ದರೆ ಅದನ್ನು ತಟ್ಟಿಗೆ ಸೀಳುವುದು.

ದಾರ ಮೊದಲು ಪುಂಡಿ ನಾರಿನದು, ನಂತರ ನೈಲಾನ್. ತೇಲುಬೆಂಡಿಗೆ ನವಿಲುಗರಿಯ ದಂಟು. ಬಂಕಾಪುರದ ಕೋಟೆಯ ಸುತ್ತ ನವಿಲುಗಳು ಉದುರಿಸಿದ ಗರಿಗೆ ಬರವಿರಲಿಲ್ಲ.

ನಾನು ಓದಿದ್ದು ಚರಿತ್ರೆ, ಬದುಕಿದ್ದು ಶಾಲೆಯ ಮಾಸ್ತರನಾಗಿ. ಆದ್ದರಿಂದ ಈ ಕಸುಬಿನ ಬೇರು ಎಲ್ಲಿಯವರೆಗೆ ಹೋಗುತ್ತದೆ ಎಂದು ಹುಡುಕುವ ಹಟ ಹಿಡಿಯಿತು. ಸಿಕ್ಕಿದ್ದು ಕಲ್ಯಾಣದಲ್ಲಿ. ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರ, ಆರನೆಯ ವಿಕ್ರಮಾದಿತ್ಯನ ಮಗ, ಸುಮಾರು 1130ರಲ್ಲಿ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥ ಬರೆದ. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳು, ಒಟ್ಟು ನೂರು ಅಧ್ಯಾಯ. ರಾಜನ ವಿನೋದಗಳನ್ನು ಹೇಳುವ ಭಾಗದಲ್ಲಿ ‘ಮತ್ಸ್ಯವಿನೋದ’ ಎಂಬ ಅಧ್ಯಾಯವೊಂದಿದೆ. ಅದು ಗಾಳ ಹಾಕುವ ಶಾಸ್ತ್ರ. ಕಡಲ ಮೀನು ಯಾವುದು, ಹೊಳೆಯ ಮೀನು ಯಾವುದು, ಪೊರೆಯುಳ್ಳದ್ದು, ಪೊರೆಯಿಲ್ಲದ್ದು, ಯಾವುದಕ್ಕೆ ಏನು ಮೇವು ಹಾಕಿ ಒಂದೇ ಜಾಗಕ್ಕೆ ರೂಢಿ ಮಾಡಿಸಬೇಕು, ಗಾಳ, ದಾರ, ಕೋಲು ಹೇಗಿರಬೇಕು ಎಂದು ಚಕ್ರವರ್ತಿಯೇ ಕುಳಿತು ಬರೆದಿದ್ದಾನೆ. ಇಂಗ್ಲೆಂಡಿನಲ್ಲಿ ಗಾಳದ ಮೇಲಿನ ಮೊದಲ ಪುಸ್ತಕವೆಂದು ಹೆಸರಾದ, ಜೂಲಿಯಾನಾ ಬರ್ನರ್ಸ್ ಹೆಸರಿನಲ್ಲಿ ಪ್ರಚಲಿತವಾದ ಬರಹ ಅಚ್ಚಾದದ್ದು 1496ರಲ್ಲಿ. ಐಸಾಕ್ ವಾಲ್ಟನ್‌ನ ಪ್ರಸಿದ್ಧ ಪುಸ್ತಕ 1653ರದು. ನಮ್ಮ ನೆಲದ ಅಧ್ಯಾಯ ಅವೆರಡಕ್ಕಿಂತ ಶತಮಾನಗಳಷ್ಟು ಹಿರಿದು. ಮೀನುಶಾಸ್ತ್ರಜ್ಞ ಸುಂದರ್ ಲಾಲ್ ಹೋರಾ 1951ರಲ್ಲಿ ಅದರ ಮೇಲೆ ಲೇಖನ ಬರೆದು ವಿದ್ವಾಂಸರ ಕಣ್ಣಿಗೆ ತಂದರು.

ನಮ್ಮ ಹಾನಗಲ್ಲನ್ನು ಆಗ ಆಳುತ್ತಿದ್ದ ಕದಂಬರು ಇದೇ ಚಾಲುಕ್ಯರ ಸಾಮಂತರು. ಅದೇ ಶತಮಾನದಲ್ಲಿ, ಸೋಮೇಶ್ವರ ತೀರಿಕೊಂಡು ಕೆಲವು ದಶಕ ಕಳೆಯುವಷ್ಟರಲ್ಲಿ, ಅದೇ ಕಲ್ಯಾಣದಲ್ಲಿ ಬಸವಣ್ಣನವರ ಜೊತೆ ಮೇದಾರ ಕೇತಯ್ಯ ಬಿದಿರು ಸೀಳುತ್ತ ಕಾಯಕ ಮಾಡಿದ, ಅಂಬಿಗರ ಚೌಡಯ್ಯ ವಚನ ಹೇಳಿದ. ಚೌಡಯ್ಯನ ಗದ್ದುಗೆ ಇರುವುದು ನಮ್ಮ ಜಿಲ್ಲೆಯಲ್ಲೇ, ತುಂಗಭದ್ರೆಯ ದಂಡೆಯ ಚೌಡದಾನಪುರದಲ್ಲಿ. ಗಳ ಮಾಡುವ ಕುಲದವನೂ, ನೀರು ಬಲ್ಲ ಅಂಬಿಗನೂ, ಗಾಳದ ಬಗ್ಗೆ ಬರೆದ ದೊರೆಯೂ ಒಂದೇ ಊರಿನಲ್ಲಿ ಒಂದೇ ಶತಮಾನದಲ್ಲಿ ಓಡಾಡಿದರು. ದೊರೆಗೆ ಕೋಲು ತಂದುಕೊಟ್ಟವನು ಯಾರೆಂದು ಗ್ರಂಥ ಹೇಳುವುದಿಲ್ಲ. ಬಿದಿರಿಗೆ ಕೈಹಾಕುತ್ತಿದ್ದವರು ಯಾರೆಂದು ನನಗೆ ಯಾರೂ ಹೇಳಬೇಕಾಗಿಲ್ಲ.

ಮಾನಸೋಲ್ಲಾಸದ ನಂತರದ ದೊಡ್ಡ ಬರಹ ಕರಾವಳಿಯಿಂದ ಬಂತು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್, ಭಾರತದಲ್ಲಿ ಗಾಳದ ಬೇಟೆಯ ಬಗ್ಗೆ ‘ದ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕ ಬರೆದ. ಅದು 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. 1887ರಲ್ಲಿ ಕೆರೆಗಳ ಗಾಳಕ್ಕೆಂದೇ ಇನ್ನೊಂದು ಪುಸ್ತಕ ಬರೆದ. ಹೊಳೆಗೆ ವಿಷ ಬೆರೆಸಿ ಮೀನು ಹಿಡಿಯುವುದನ್ನೂ ಸಣ್ಣ ಕಣ್ಣಿನ ಬಲೆಯನ್ನೂ ವಿರೋಧಿಸಿದವರಲ್ಲಿ ಅವನೂ ಒಬ್ಬ. ಅಧಿಕಾರಿಯ ಬರಹವೆಂದು ನಾನು ಅದನ್ನು ಪಕ್ಕಕ್ಕಿಡಲಾರೆ.

ಆ ಕಾಲಕ್ಕಾಗಲೇ ನಮ್ಮ ಬಿದಿರು ಸಮುದ್ರ ದಾಟಿತ್ತು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಸ್ಯಾಮ್ಯುಯೆಲ್ ಫಿಲಿಪ್ ಎಂಬ ಬಂದೂಕು ಕಮ್ಮಾರ 1840ರ ದಶಕದಲ್ಲಿ ಬಿದಿರನ್ನು ಉದ್ದಕ್ಕೆ ಸೀಳಿ, ಸೀಳುಗಳನ್ನು ಅಂಟಿಸಿ ಗಾಳದ ಕೋಲು ಮಾಡಿದ. ಮುಂದೆ ಆರು ಸೀಳಿನ ಕೋಲು ಎಲ್ಲೆಡೆ ಹಬ್ಬಿತು. ಅದಕ್ಕೆ ಬೇಕಾದ ಬಿದಿರು ಹೋಗುತ್ತಿದ್ದುದು ಭಾರತದಿಂದ. ಹಡಗು ಹತ್ತುತ್ತಿದ್ದ ಬಂದರಿನ ಹೆಸರಿನಿಂದ ಅದಕ್ಕೆ ಕಲ್ಕತ್ತಾ ಕೇನ್ ಎಂದೇ ಹೆಸರು. ಅದರಲ್ಲಿ ಬಹುಪಾಲು ನಮ್ಮ ಕಿರುಬಿದಿರಿನ ಜಾತಿಯದೇ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಚೀನಾದ ಟಾಂಕಿನ್ ಬಿದಿರು ಅದರ ಜಾಗ ಹಿಡಿಯಿತು. ಎರಡನೇ ಮಹಾಯುದ್ಧದ ನಂತರ ಫೈಬರ್ ಗ್ಲಾಸ್, 1970ರ ದಶಕದಲ್ಲಿ ಕಾರ್ಬನ್ ಬಂತು.

ನನ್ನ ಅಕ್ಕನ ಮಗ ಮಿಶಿಗನ್ನಿನಲ್ಲಿ ನೌಕರಿಯಲ್ಲಿದ್ದಾನೆ. ಅಲ್ಲಿನ ಸರೋವರದಲ್ಲಿ ಗಾಳ ಹಾಕುವ ಹುಚ್ಚು ಅವನಿಗೆ ಅಂಟಿದೆ. ಮಿಶಿಗನ್ ಸರೋವರಕ್ಕೆ ಸಾಲ್ಮನ್ ಮೂಲದ ಮೀನಲ್ಲ. ಅಲ್ಲಿ ಎಲ್ಲೆ ಮೀರಿ ಹೆಚ್ಚಿದ್ದ ಏಲ್‌ವೈಫ್ ಎಂಬ ಸಣ್ಣ ಮೀನನ್ನು ತಿನ್ನಲಿ ಎಂದು 1966ರಲ್ಲಿ ಪೆಸಿಫಿಕ್ ಕಡಲಿನ ಕೋಹೊ ಸಾಲ್ಮನ್ ಮರಿ ಬಿಟ್ಟರು. ಅಲ್ಲಿಂದ ಅದು ದೊಡ್ಡ ಬೇಟೆಯಾಯಿತು. ದೋಣಿ ಮೆಲ್ಲಗೆ ಓಡುತ್ತಿರುವಾಗಲೇ ಹಿಂದೆ ದಾರಗಳನ್ನು ಎಳೆದುಕೊಂಡು ಹೋಗುವುದಕ್ಕೆ ಟ್ರೋಲಿಂಗ್ ಎನ್ನುತ್ತಾರೆ. ಆಳಕ್ಕೆ ಇಳಿಸಲು ಲೆಡ್ ಕೋರ್ ಎಂಬ ದಾರವಿದೆ, ಹೆಣೆದ ನೂಲಿನ ಕೊಳವೆಯೊಳಗೆ ಸೀಸದ ಎಳೆ. ಹತ್ತು ಗಜಕ್ಕೊಮ್ಮೆ ದಾರದ ಬಣ್ಣ ಬದಲಾಗುತ್ತದೆ. ಎಷ್ಟು ಬಣ್ಣ ನೀರಿಗೆ ಬಿಟ್ಟೆ ಎಂದು ಎಣಿಸಿ ಆಳದ ಲೆಕ್ಕ ಹಿಡಿಯುವುದು. ಒಂದು ಬಣ್ಣಕ್ಕೆ ಸುಮಾರು ಐದು ಅಡಿ ಆಳ, ದೋಣಿ ನಿಧಾನವಾದರೆ ಇನ್ನೂ ಕೆಳಕ್ಕೆ, ಜೋರಾದರೆ ಮೇಲಕ್ಕೆ.

“ಮಾವಾ, ಉದ್ದನ್ನ ರಾಡ್ ತಗೋಬೇಕು ಅಂತೀನಿ. ಎಷ್ಟು ಉದ್ದಂದು ತಗೊಳ್ಳಿ?” ಎಂದು ಅವನು ಫೋನಿನಲ್ಲಿ ಕೇಳಿದ. ಸೀಸದ ದಾರವನ್ನು ನಾನು ಕೈಯಲ್ಲಿ ಹಿಡಿದವನಲ್ಲ. ಅಪ್ಪನ ಪ್ರಶ್ನೆಯನ್ನೇ ಕೇಳಿದೆ: “ಎಲ್ಲಿ ಕೂಡ್ತಿ? ದೋಣ್ಯಾಗ ಎಷ್ಟು ಮಂದಿ? ಎಷ್ಟು ಗಳಾ?” ಅವನು ವಿವರಿಸಿದ ಹಾಗೆ ನನಗೂ ತಿಳಿಯುತ್ತ ಹೋಯಿತು. ದೋಣಿಯ ಎರಡೂ ಬದಿಯಿಂದ ದಾರ ಬಿಡುತ್ತಾರೆ. ಎಲ್ಲ ಕೋಲುಗಳೂ ಒಂದೇ ಅಳತೆಯವಾದರೆ ತಿರುವಿನಲ್ಲಿ ದಾರಗಳು ಹೆಣೆದುಕೊಳ್ಳುತ್ತವೆ. ಆದ್ದರಿಂದ ಹೊರಬದಿಗೆ ಹತ್ತು ಅಡಿಯವರೆಗಿನ ಉದ್ದನೆಯವು, ಹೆಚ್ಚುಕಡಿಮೆ ನೀರಿಗೆ ಸಮನಾಗಿ ಅಡ್ಡ ಚಾಚಿಕೊಂಡಿರಬೇಕು. ಹಿಂಬದಿಗೆ ಗಿಡ್ಡವು, ತುದಿ ನೀರಿನ ಕಡೆಗೆ. ಸೀಸದ ದಾರ ರಬ್ಬರಿನಂತೆ ಹಿಗ್ಗುವುದಿಲ್ಲ, ಮೀನು ಹೊಡೆದ ಏಟು ನೇರ ಕೋಲಿಗೆ ಬರುತ್ತದೆ. ತುದಿ ಗಡುಸಾದರೆ ಮೀನಿನ ಬಾಯಿ ಹರಿದು ಗಾಳ ಕಳಚುತ್ತದೆ. ಬುಡ ಮೆತ್ತಗಾದರೆ ಸೀಸದ ಭಾರವನ್ನೂ ನೀರಿನ ಎಳೆತವನ್ನೂ ದಿನವಿಡೀ ತಾಳುವುದಿಲ್ಲ. ಅಂದರೆ ಬುಡ ಗಟ್ಟಿ, ತುದಿ ಮೆದು. ಒಣ ಕಾಡಿನ ಕಿರುಬಿದಿರು ಹುಟ್ಟಿನಿಂದಲೇ ಹಾಗಿರುತ್ತದೆ.

ಅವನು ಬಹಳ ಸಲ ಒಬ್ಬನೇ ಹೋಗುತ್ತಾನಂತೆ. ಹಾಗಾದರೆ ಹತ್ತು ಅಡಿಯದು ಬೇಡ ಎಂದೆ. ಕೋಲಿನ ಉದ್ದ ಎಷ್ಟೋ, ಕೊನೆಯ ಗಳಿಗೆಯಲ್ಲಿ ಮೀನು ದೋಣಿಯಿಂದ ಅಷ್ಟು ದೂರ ಉಳಿಯುತ್ತದೆ. ಒಂದು ಕೈಯಲ್ಲಿ ಕೋಲು ಹಿಂದಕ್ಕೆ ಬಾಗಿಸಿ ಇನ್ನೊಂದು ಕೈಯಲ್ಲಿ ಜಾಳಿಗೆ ಚಾಚಲು ಒಬ್ಬನಿಂದ ಆಗದು. ಜೊತೆಗಾರ ಇದ್ದ ದಿನಕ್ಕೆ ಉದ್ದನೆಯದು, ಒಬ್ಬನೇ ಇದ್ದ ದಿನಕ್ಕೆ ಎಂಟು ಅಡಿಯೊಳಗಿನದು ಎಂದು ತೀರ್ಮಾನವಾಯಿತು.

ಸೀಸವನ್ನು ದಾರಕ್ಕೆ ಸುತ್ತುವ ಉಪಾಯ ನಮ್ಮ ಕಾವೇರಿಯಲ್ಲೂ ಇತ್ತು. ಭೀಮೇಶ್ವರಿ, ಗಾಳಿಬೋರೆ ಕಡೆಯ ಹರಿಗೋಲಿನವರು ಮಹಶೀರ್ ಎಂಬ ದೊಡ್ಡ ಮೀನಿಗೆಂದು ರಾಗಿ ಹಿಟ್ಟನ್ನು ಬೇಯಿಸಿ ಉಂಡೆ ಮಾಡಿ ಗಾಳಕ್ಕೆ ಕಟ್ಟುತ್ತಿದ್ದರು, ಅದರ ಮೇಲ್ಭಾಗದಲ್ಲಿ ಸೀಸದ ತಂತಿಯನ್ನು ದಾರಕ್ಕೆ ಸುರುಳಿ ಸುತ್ತುತ್ತಿದ್ದರು. ಬಂಡೆಯ ಸಂದಿಯಲ್ಲಿ ಸಿಕ್ಕರೆ ಸುರುಳಿ ಬಿಚ್ಚಿ ಜಾರುತ್ತದೆ, ಸೀಸ ಹೋದರೂ ದಾರ ಉಳಿಯುತ್ತದೆ. ಅಲ್ಲಿಗೆ ಹತ್ತು ಹನ್ನೆರಡು ಅಡಿಯ ಕೋಲು ಬೇಕಾದದ್ದು ದೂರ ಎಸೆಯಲಷ್ಟೇ ಅಲ್ಲ, ನಡುನೀರಿನ ಬಂಡೆಗಳಿಗೆ ದಾರ ಉಜ್ಜದಂತೆ ಎತ್ತಿ ಹಿಡಿಯಲು. ಬೇಟೆಯ ಪ್ರಾಣಿಗಳ ತೊಗಲು ಹದಮಾಡುವುದಕ್ಕೆ ಹೆಸರಾದ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ 1946ರ ಮಾರ್ಚಿನಲ್ಲಿ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್ ತೂಗಿತು. ಆ ಗೂನುಬೆನ್ನಿನ ಮಹಶೀರ್‌ಗೆ ಶಾಸ್ತ್ರೀಯ ಹೆಸರು ಖಚಿತವಾದದ್ದು 2018ರಲ್ಲಿ, ಟಾರ್ ರೇಮಾದೇವಿ ಎಂದು. ಅದೇ ವರ್ಷ ಅದು ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ಕಾವೇರಿ ವನ್ಯಧಾಮದಲ್ಲಿ ಈಗ ಗಾಳ ನಿಂತಿದೆ. ಸೀಸದ ಮಾತಿಗೂ ಒಂದು ಎಚ್ಚರಿಕೆ ಇದೆ. ನೀರಿನಲ್ಲಿ ಬಿದ್ದ ಸೀಸದ ಗುಂಡು ನುಂಗಿ ಹಂಸಗಳು ಸಾಯುತ್ತಿದ್ದವೆಂದು ಬ್ರಿಟನ್ನಿನಲ್ಲಿ 1987ರಲ್ಲೇ ಸಣ್ಣ ಸೀಸದ ಭಾರಗಳನ್ನು ನಿಷೇಧಿಸಿದರು. ನಮ್ಮ ಕೆರೆಗಳಿಗೂ ಚಳಿಗಾಲದಲ್ಲಿ ದೂರದ ಬಾತುಗಳು ಬರುತ್ತವೆ.

ಗಳ ಮಾಡುವುದು ನಮ್ಮ ಮನೆಯಲ್ಲಿ ನಿಂತದ್ದು ಗಿರಾಕಿ ಇಲ್ಲದೆ ಅಲ್ಲ, ಬಿದಿರಿಲ್ಲದೆ. 1950ರ ದಶಕದ ಕೊನೆಯಿಂದ ಉತ್ತರ ಕನ್ನಡದ ಬಿದಿರು ಕಾಗದಕ್ಕೆ ಹೋಯಿತು, ಅದೂ ಟನ್ನಿಗೆ ಒಂದೂವರೆ ರೂಪಾಯಿ ದರದಲ್ಲಿ ಎಂದು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ ಬರೆದಿದ್ದಾರೆ. ಬುಟ್ಟಿ ಹೆಣೆಯುವವರು ಪೇಟೆಯಲ್ಲಿ ಕೊಡುತ್ತಿದ್ದ ಬೆಲೆ ಅದರ ಎಷ್ಟೋ ಪಟ್ಟು. 1970ರ ದಶಕದಲ್ಲಿ ಗಾಡ್ಗೀಳರು ಕರ್ನಾಟಕದ ಬಿದಿರಿನ ಅಧ್ಯಯನ ಮಾಡಿದಾಗ ಇನ್ನೊಂದು ಸಂಗತಿಯೂ ಹೊರಬಿತ್ತು. ಹಿಂಡಿನ ಬುಡದ ಮುಳ್ಳು ತೆಗೆದರೆ ಬಿದಿರು ಚೆನ್ನಾಗಿ ಬೆಳೆಯುತ್ತದೆಂದು ಅರಣ್ಯ ಇಲಾಖೆಯವರು ಮುಳ್ಳು ಕಡಿಸುತ್ತಿದ್ದರು. ಮುಳ್ಳು ಹೋದರೆ ಕಳಲೆಯನ್ನು ದನ, ಹಂದಿ, ಮುಸಿಯಾಗಳು ತಿಂದು ಮುಗಿಸುತ್ತವೆ ಎಂದು ಹಳ್ಳಿಯವರು ಹೇಳುತ್ತಿದ್ದರು. ಅಳೆದು ನೋಡಿದಾಗ ಹಳ್ಳಿಯವರ ಮಾತೇ ನಿಜವಾಯಿತು. ಕಾಡಿನ ಹೊರಗೆ ಬೆಳೆದ ಬಿದಿರನ್ನು ಕಾನೂನಿನಲ್ಲಿ ಮರವೆಂದು ಎಣಿಸುವುದನ್ನು ಕೈಬಿಟ್ಟದ್ದು 2017ರಲ್ಲಿ. ಅಷ್ಟೊತ್ತಿಗೆ ನಮ್ಮ ಓಣಿಯಲ್ಲಿ ಗಳ ಒದರಿ ನೋಡಬಲ್ಲ ಕೈಗಳು ಕಡಿಮೆಯಾಗಿದ್ದವು.

ಈಗ ಕೆರೆಯ ಮೇಲೆ ಕೂಡುವ ಹುಡುಗರ ಕೈಯಲ್ಲಿ ಫೈಬರ್ ಕೋಲುಗಳಿವೆ. ಅದರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಸುಮಾರು ಒಂಬೈನೂರು ವರ್ಷಗಳ ಹಿಂದೆ ದೊರೆಯೊಬ್ಬ ಬರೆದಿಡಲು ಯೋಗ್ಯವೆಂದು ತಿಳಿದ ವಿದ್ಯೆಯ ಕನ್ನಡದ ಪಾಲು, ಅಂದರೆ ಮೇದಾರರದೂ ಅಂಬಿಗರದೂ ಆದ ಪಾಲು, ನನಗೆ ತಿಳಿದಂತೆ ಎಲ್ಲಿಯೂ ಬರವಣಿಗೆಗೆ ಬಂದಿಲ್ಲ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯವರು ಇದನ್ನು ಓದುತ್ತಿದ್ದರೆ ಒಂದು ಕೆಲಸ ಮಾಡಿರಿ. ಮನೆಯ ಅಟ್ಟದ ಮೇಲೆ ಹಳೆಯ ಗಾಳದ ಗಳ ಇದ್ದರೆ ಇಳಿಸಿ ಅಳೆಯಿರಿ. ಎಷ್ಟು ಮೊಳ, ಎಷ್ಟು ಗಿಣ್ಣು, ಯಾವ ಕೆರೆಗೆ ಒಯ್ಯುತ್ತಿದ್ದರು, ಯಾವ ಮೀನಿಗೆ ಎಂದು ಮನೆಯ ಹಿರಿಯರನ್ನು ಕೇಳಿ ಬರೆದಿಡಿರಿ.