ಬಳಪದ ಕಲ್ಲಿನ ಪಾಠ: ಅಬಲೂರಿನ ದೇವಾಲಯವೂ ಬಾಲಕರ ವಾಸ್ತುಶಿಕ್ಷಣವೂ

ಅಬಲೂರು ಹಿರೇಕೆರೂರು ತಾಲೂಕಿನ ಒಂದು ಚಿಕ್ಕ ಗ್ರಾಮವು. 1997ರವರೆಗೆ ಧಾರವಾಡ ಜಿಲ್ಲೆಯಲ್ಲಿದ್ದು ಈಗ ಹಾವೇರಿ ಜಿಲ್ಲೆಗೆ ಸೇರಿರುವುದು. ಗ್ರಾಮವು ಚಿಕ್ಕದಾದರೂ ಇತಿಹಾಸದಲ್ಲಿ ಅದರ ಹೆಸರು ದೊಡ್ಡದು. ಏಕಾಂತದ ರಾಮಯ್ಯನ ಚರಿತ್ರೆಯನ್ನು ಸಾರುವ, ಕ್ರಿ.ಶ. 1200ರ ಸುಮಾರಿನ ಶಿಲಾಶಾಸನವು ಇಲ್ಲಿಯ ಸೋಮೇಶ್ವರ ದೇವಾಲಯದಲ್ಲಿರುವುದು. ಫ್ಲೀಟ್ ಎಂಬ ಆಂಗ್ಲ ವಿದ್ವಾಂಸನು ‘ಎಪಿಗ್ರಾಫಿಯಾ ಇಂಡಿಕಾ’ದ ಐದನೆಯ ಸಂಪುಟದಲ್ಲಿ ಇದನ್ನು ಪ್ರಕಟಿಸಿದನು. ಅಳಂದೆಯಲ್ಲಿ ಜನಿಸಿದ ರಾಮಯ್ಯನು ಹುಲಿಗೆರೆಯ ಮಾರ್ಗವಾಗಿ ಇಲ್ಲಿಗೆ ಬಂದು ವೀರಸೋಮನಾಥನ ಗುಡಿಯನ್ನು ಕಟ್ಟಿಸಿದನೆಂದೂ, ಕಳಚುರ್ಯ ಬಿಜ್ಜಳ, ಚಾಲುಕ್ಯ ನಾಲ್ಕನೆಯ ಸೋಮೇಶ್ವರ, ಹಾನಗಲ್ಲ ಕದಂಬ ಕಾಮದೇವ ಈ ಮೂವರೂ ದತ್ತಿಗಳನ್ನು ಬಿಟ್ಟರೆಂದೂ ಅದರಿಂದ ತಿಳಿದುಬರುವುದು. ಆ ಕಾಲದ ಮತವಾದಗಳ ವಿಷಯವಾಗಿ ಪಂಡಿತರು ಸಾಕಷ್ಟು ಬರೆದಿರುವರು. ಗುಡಿಯನ್ನು ಕಟ್ಟಿದ ಕೈಗಳ ವಿದ್ಯೆಯ ವಿಷಯವಾಗಿ ಬರೆದವರು ಕಡಿಮೆ. ಅದನ್ನು ಮಕ್ಕಳಿಗೆ ಕಲಿಸಬೇಕೆಂದು ಯೋಚಿಸಿದವರು ಇನ್ನೂ ಕಡಿಮೆ.

ಪೂರ್ವಕಾಲದ ಕನ್ನಡ ನಾಡಿನಲ್ಲಿ ವಿದ್ಯೆಯು ಎರಡು ಹೊಳೆಗಳಾಗಿ ಹರಿಯುತ್ತಿದ್ದಿತು. ಒಂದು ಅಕ್ಷರದ ವಿದ್ಯೆ. ಅಬಲೂರಿನ ನೆರೆಯ ಸೀಮೆಯಾದ ಬಳ್ಳಿಗಾವೆಯ ಕೋಡಿಯಮಠವು ಇದಕ್ಕೆ ಉತ್ತಮ ನಿದರ್ಶನವು. 1162ರ ಶಾಸನವು ಆ ಮಠವನ್ನು ವೇದ, ವ್ಯಾಕರಣ, ದರ್ಶನ, ಪುರಾಣ, ಕಾವ್ಯ, ನಾಟಕಗಳ ಅಧ್ಯಯನದ ನೆಲೆಯೆಂದೂ, ದೀನರಿಗೆ ಅನ್ನವನ್ನೂ ರೋಗಿಗಳಿಗೆ ಔಷಧವನ್ನೂ ಕೊಡುವ ಸ್ಥಾನವೆಂದೂ ವರ್ಣಿಸಿರುವುದು. ಮತ್ತೊಂದು ಕೈಯ ವಿದ್ಯೆ. ಅದಕ್ಕೆ ತಂದೆಯೇ ಗುರು, ಕಲ್ಲಿನ ರಾಶಿಯೇ ಶಾಲೆ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಹೆಸರುಗಳನ್ನು ಕೊರೆದಿರುವರು. ಉಳಿಯ ಪೆಟ್ಟು ತಂದೆಯ ಕೈಯಿಂದ ಮಗನ ಕೈಗೆ ಇಳಿದುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಈ ಎರಡನೆಯ ಹೊಳೆಯು ಆಳವಾಗಿದ್ದಿತು, ಆದರೆ ಅಗಲವಾಗಿರಲಿಲ್ಲ. ಅದು ಕುಲದೊಳಗೇ ಹರಿದು, ರಾಜಾಶ್ರಯವು ತಪ್ಪಿದಾಗ ಬತ್ತುತ್ತ ಬಂದಿತು. ಓದುವವನಿಗೆ ಕಟ್ಟಲು ಬಾರದು, ಕಟ್ಟುವವನಿಗೆ ಓದಲು ಬಾರದು ಎಂಬಂತಾಯಿತು. ಕಾಯಕದಲ್ಲಿ ಮೇಲುಕೀಳೆಂಬುದಿಲ್ಲವೆಂದು ಸಾರಿದ ಶರಣರ ನಾಡಿನಲ್ಲಿಯೂ ಈ ಬಿರುಕು ಮುಚ್ಚದೆ ಉಳಿದುದು ವಿಷಾದದ ಸಂಗತಿಯು.

ಈ ಬಿರುಕನ್ನು ಶಿಶುಗಳ ಕೈಯಿಂದಲೇ ಮುಚ್ಚಿಸುವ ಪ್ರಯತ್ನಗಳು ಈಚೆಗೆ ಲೋಕದಲ್ಲಿ ನಡೆದಿರುವವು. 1837ರಲ್ಲಿ ಜರ್ಮನಿಯ ಫ್ರೋಬೆಲನು ಬಾಲಶಿಕ್ಷಣದ ಸಂಸ್ಥೆಯನ್ನು ಆರಂಭಿಸಿ, ಮಕ್ಕಳ ಕೈಗೆ ಕಟ್ಟಿಗೆಯ ದಿಮ್ಮೆಗಳನ್ನು ಕೊಟ್ಟನು. ಒಂದು ಘನವು ಎಂಟು ಚಿಕ್ಕ ಘನಗಳಾಗಿ ಬಿಡುವುದು, ಮತ್ತೆ ಕೂಡಿದರೆ ಒಂದಾಗುವುದು. ಅಮೆರಿಕೆಯ ಪ್ರಖ್ಯಾತ ವಾಸ್ತುಶಿಲ್ಪಿ ಫ್ರ್ಯಾಂಕ್ ಲಾಯ್ಡ್ ರೈಟನು ಬಾಲ್ಯದಲ್ಲಿ ಆಡಿದ ಆ ದಿಮ್ಮೆಗಳನ್ನು ವೃದ್ಧಾಪ್ಯದಲ್ಲಿಯೂ ಕೃತಜ್ಞತೆಯಿಂದ ಸ್ಮರಿಸಿದನು. ನಮ್ಮ ದೇಶದಲ್ಲಿ 1937ರ ವರ್ಧಾ ಸಮ್ಮೇಳನವು, ಮಹಾತ್ಮಾ ಗಾಂಧಿಯವರ ನೇತೃತ್ವದಲ್ಲಿ, ಕೈಕೆಲಸವನ್ನೇ ಶಿಕ್ಷಣದ ನಡುವೆ ಇರಿಸಿತು.

ಅಬಲೂರಿನ ಮಗುವಿಗಾದರೋ ದಿಮ್ಮೆಗಳನ್ನು ದೂರದಿಂದ ತರಿಸಬೇಕಾಗಿಲ್ಲ. ಕಲ್ಯಾಣದ ಚಾಲುಕ್ಯರ ಕಾಲದ ಅನೇಕ ಗುಡಿಗಳು ಬಳಪದ ಕಲ್ಲಿನಿಂದ ಆದವು. ಗಣಿಯಿಂದ ತೆಗೆದಾಗ ಮೃದುವಾಗಿದ್ದು, ಗಾಳಿ ತಾಗಿದಂತೆಲ್ಲ ಗಟ್ಟಿಯಾಗುವುದು ಅದರ ಗುಣ. ಆದುದರಿಂದಲೇ ಅಷ್ಟು ಸೂಕ್ಷ್ಮವಾದ ಕೆತ್ತನೆ ಸಾಧ್ಯವಾಯಿತು. ಪಾಟಿಯ ಮೇಲೆ ಮಗು ಓನಾಮ ತಿದ್ದಿದ ಬಳಪವೂ ಅದೇ ಜಾತಿಯ ಕಲ್ಲು. ಅಕ್ಷರವನ್ನೂ ಆಲಯವನ್ನೂ ಕಲಿಸಿದ ಕಲ್ಲು ಒಂದೇ ಎಂಬುದನ್ನು ತಿಳಿದ ಮಗುವಿಗೆ ಗುಡಿಯ ಗೋಡೆಯು ಪರಕೀಯವಾಗಿ ತೋರದು. ಬಳಪದ ತುಂಡೊಂದನ್ನು ಮೊಳೆಯಿಂದ ಕೆರೆದು ನೋಡುವುದೇ ಮೊದಲನೆಯ ಪಾಠವಾಗಲಿ.

ಎರಡನೆಯ ಪಾಠವು ನೆಲದ ಮೇಲೆ. ನವರಂಗದಲ್ಲಿ ನಡುವೆ ನಾಲ್ಕು ಕಂಬಗಳು ನಿಂತು, ಜಾಗವು ಮೂರು ಮೂರಲೆ ಒಂಬತ್ತು ಅಂಕಣಗಳಾಗುವುದು. ಮನೆಯಂಗಳದಲ್ಲಿ ರಂಗವಲ್ಲಿಯಿಡುವ ಬಾಲಿಕೆಗೆ ಈ ಲೆಕ್ಕವು ಬೆರಳ ತುದಿಯಲ್ಲಿಯೇ ಇರುವುದು. ಗೂಟ, ಹಗ್ಗಗಳನ್ನು ಕೊಟ್ಟರೆ ಮಕ್ಕಳೇ ನವರಂಗವನ್ನು ಅಂಗಳದಲ್ಲಿ ಗುರುತಿಸಬಲ್ಲರು. ಒಂದೇ ಅಳತೆಯ ಆರು ಚೌಕಗಳನ್ನು ಒಂದೇ ನಡುವಿನ ಮೇಲೆ ಹದಿನೈದು ಹದಿನೈದು ಅಂಶದಂತೆ ತಿರುಗಿಸಿ ಬರೆದರೆ ಇಪ್ಪತ್ನಾಲ್ಕು ಮೂಲೆಗಳು ಮೂಡುವವು. ಡಂಬಳದ ದೊಡ್ಡಬಸಪ್ಪ ದೇವಾಲಯದ ನಕ್ಷತ್ರಾಕಾರವು ಇಪ್ಪತ್ನಾಲ್ಕು ಮೂಲೆಗಳದ್ದೇ.

ಮೂರನೆಯದು ಛತ್ತಿನ ಪಾಠ. ಚೌಕವನ್ನು ಮುಚ್ಚುವಷ್ಟು ಉದ್ದದ ಕಲ್ಲು ಇಲ್ಲದಿದ್ದರೆ ಶಿಲ್ಪಿಯು ನಾಲ್ಕು ಮೂಲೆಗಳ ಮೇಲೆ ಕಲ್ಲುಗಳನ್ನು ಓರೆಯಾಗಿ ಇಡುವನು. ಬಾಹುಗಳ ಮಧ್ಯದಿಂದ ಮಧ್ಯಕ್ಕೆ ಇಟ್ಟರೆ ತೆರೆದ ಜಾಗವು ಅರ್ಧಕ್ಕೆ ಇಳಿಯುವುದು. ಮತ್ತೊಂದು ಸಲ ಇಟ್ಟರೆ ಕಾಲುಭಾಗ ಮಾತ್ರ ಉಳಿಯುವುದು. ರಟ್ಟಿನ ತುಂಡುಗಳಿಂದ ಇದನ್ನು ಜೋಡಿಸಿ, ಬಳಿಕ ಇಟ್ಟಿಗೆಗಳನ್ನು ಒಂದರ ಮೇಲೊಂದು ಸ್ವಲ್ಪ ಸ್ವಲ್ಪ ಮುಂದೆ ಚಾಚಿ ಇಡಿಸಬೇಕು. ಹಿಂದಿನ ಭಾರವು ಸಾಲದಿದ್ದರೆ ಇಟ್ಟಿಗೆಗಳು ಉರುಳುವವು. ಹೀಗೆ ಉರುಳಿಸಿ ಕಲಿತ ಮಗುವು ಹಾನಗಲ್ಲ ತಾರಕೇಶ್ವರನ ಗುಡಿಯ ಕಮಲದ ಛತ್ತಿನ ಕೆಳಗೆ ನಿಂತಾಗ ಸುಮ್ಮನೆ ಬಾಯಿ ತೆರೆಯದೆ, ಭಾರವು ಯಾವ ದಾರಿಯಿಂದ ಇಳಿದಿರುವುದೆಂದು ಕೇಳುವುದು.

ನಾಲ್ಕನೆಯದು ಕಂಬದ ಪಾಠ. ಈ ಸೀಮೆಯ ಗುಡಿಗಳ ಕಡೆದ ಕಂಬಗಳ ಬಳೆಗಳನ್ನು ಅರಿಯಲು ಕುಂಬಾರನ ತಿಗರಿಯೇ ಸಾಕು. ತಿರುಗುವ ಹಸಿಮಣ್ಣಿಗೆ ಬೆರಳನ್ನೊತ್ತಿದರೆ ಬಳೆಯು ತಾನಾಗಿ ಮೂಡುವುದು. ಕವಿ ಸರ್ವಜ್ಞನು ಅಬಲೂರಿನ ಕುಂಬಾರರ ಮನೆಯಲ್ಲಿ ಜನಿಸಿದನೆಂದು ಪರಂಪರೆಯು ಹೇಳುವುದು. ಅಂಥ ಊರಿನಲ್ಲಿ ತಿಗರಿಯನ್ನು ಶಾಲೆಗೆ ಕರೆತರುವುದು ಯೋಗ್ಯವೇ ಸರಿ.

ಇಲ್ಲಿ ಒಂದು ಶಂಕೆ ಏಳಬಹುದು. ದೇಹವನ್ನೇ ದೇಗುಲವೆಂದು ಭಾವಿಸಿ, ಸ್ಥಾವರಕ್ಕಿಂತ ಜಂಗಮವನ್ನು ಮೇಲೆಂದರು ಬಸವಣ್ಣನವರು. ಅವರ ಅನುಯಾಯಿಗಳು ಮಕ್ಕಳಿಗೆ ಗುಡಿಯ ಕಲ್ಲನ್ನು ಕಲಿಸುವುದೇಕೆ? ಕಲ್ಲು ಸ್ಥಾವರವೇ ಹೌದು. ಆದರೆ ಕೈಯಿಂದ ಕೈಗೆ ಚಲಿಸುವ ವಿದ್ಯೆಯು ಜಂಗಮವು. ದಾಸೋಜನ ಮನೆಯಲ್ಲಿ ಅದು ಒಂದು ಕುಲದೊಳಗೆ ಚಲಿಸಿತು. ಶಾಲೆಯಲ್ಲಿಯಾದರೆ ಎಲ್ಲ ಕುಲದ ಮಕ್ಕಳೊಳಗೂ ಚಲಿಸಬಲ್ಲುದು.

ಇಂದು ಅನೇಕ ಊರುಗಳಲ್ಲಿ ಭಕ್ತಿಯಿಂದಲೇ ಹಳೆಯ ಗುಡಿಗಳಿಗೆ ಬಣ್ಣ ಬಳಿಯುವರು, ಸಿಮೆಂಟು ಮೆತ್ತುವರು. ಶಾಸನದ ಅಕ್ಷರಗಳೂ ಕಲ್ಲಿನ ಸಂದುಗಳೂ ಅದರಡಿಯಲ್ಲಿ ಮುಚ್ಚಿಹೋಗುವವು. ಇದಕ್ಕೆ ಕಾರಣವು ಅಭಕ್ತಿಯಲ್ಲ, ಅರಿವಿಲ್ಲದಿರುವುದು. ಕಾಯಿದೆಯ ಫಲಕವು ಗುಡಿಯ ಹೊರಗೆ ನಿಂತು ಕಾಯುವುದು. ಒಂದು ಸಲ ಇಟ್ಟಿಗೆ ಜೋಡಿಸಿ ಕಲಿತ ಮಗುವು ಒಳಗೆ ನಿಂತು ಕಾಯುವುದು. ಮಠಗಳೂ ಶಾಲೆಗಳೂ ಕೂಡಿ ಅಂಥ ಮಕ್ಕಳನ್ನು ಬೆಳೆಸಿದರೆ ಅಬಲೂರಿನ ಶಿಲ್ಪಿಗಳ ಋಣವು ಸ್ವಲ್ಪಮಟ್ಟಿಗಾದರೂ ತೀರುವುದು.