ದಾಸರಹಳ್ಳಿಯ ಸರಕು, ಕಡಲಿನ ವಿಮೆ

ಬೆಂಗಳೂರಿನ ಟಿ. ದಾಸರಹಳ್ಳಿಯಿಂದ ಚೆನ್ನೈ ಬಂದರಿಗೆ ರಸ್ತೆಯಲ್ಲಿ ಸುಮಾರು 350 ಕಿ.ಮೀ. ಆದರೂ ತುಮಕೂರು ರಸ್ತೆಯ ಆಚೀಚೆ, ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ ತಯಾರಾಗುವ ಯಂತ್ರದ ಬಿಡಿಭಾಗಗಳು ಹಡಗೇರಿ ಹೊರದೇಶಕ್ಕೆ ಹೋಗುತ್ತವೆ. ಅವುಗಳ ಜೊತೆಗೆ ಹೋಗುವ ಕಾಗದಗಳಲ್ಲಿ ಮೆರೈನ್ ಪಾಲಿಸಿಯೂ ಒಂದು. ಅದರ ದುಡ್ಡು ಕೈಗೆ ಬರುತ್ತದೋ ಇಲ್ಲವೋ ಎಂಬುದು ಬಹಳ ಸಲ ಪ್ಯಾಕಿಂಗ್ ಮಾಡುವ ಜಾಗದಲ್ಲೇ ತೀರ್ಮಾನವಾಗಿರುತ್ತದೆ.

ಕಾನೂನು

ನಮ್ಮಲ್ಲಿ ಈ ವಿಮೆಗೆ ಆಧಾರ 1963ರ ಸಾಗರ ವಿಮಾ ಕಾಯ್ದೆ. ಮಾದರಿ ಬ್ರಿಟನ್ನಿನ 1906ರ ಕಾಯ್ದೆ. ಶ್ರೀಮಂತರ ವಿಹಾರನೌಕೆಗೂ ದಾಸರಹಳ್ಳಿಯ ಗೇರುಚಕ್ರಕ್ಕೂ ಮೂಲತತ್ವ ಒಂದೇ: ನಷ್ಟವಾದ ಹೊತ್ತಿಗೆ ವಸ್ತುವಿನಲ್ಲಿ ನಿಮ್ಮ ಹಿತಾಸಕ್ತಿ ಇರಬೇಕು, ಮತ್ತು ವಿಮೆ ಮಾಡಿಸುವಾಗ ಮುಖ್ಯ ಸಂಗತಿ ಯಾವುದನ್ನೂ ಮುಚ್ಚಿಡಬಾರದು. ಹಳೆಯ ಯಂತ್ರವನ್ನು ಹೊಸದೆಂದು ಬರೆಸಿದರೆ ಪಾಲಿಸಿಯೇ ಬಿದ್ದುಹೋಗಬಹುದು.

ಎ, ಬಿ, ಸಿ

ಜಗತ್ತಿನ ಬಹಳಷ್ಟು ಸರಕು ಲಂಡನ್ನಿನ ‘ಇನ್‌ಸ್ಟಿಟ್ಯೂಟ್ ಕಾರ್ಗೋ ಕ್ಲಾಜಸ್’ ಎಂಬ ಷರತ್ತುಗಳ ಮೇಲೆ ಸಾಗುತ್ತದೆ. ಈಗಿನ ರೂಪ 2009ರದು. ಮೂರು ಬಗೆಗಳಲ್ಲಿ ‘ಸಿ’ ಅತ್ಯಂತ ಅಗ್ಗ: ಬೆಂಕಿ, ಹಡಗು ಮುಳುಗುವುದು, ಡಿಕ್ಕಿ, ಲಾರಿ ಮಗುಚುವುದು ಮುಂತಾದವಕ್ಕಷ್ಟೇ. ‘ಬಿ’ಯಲ್ಲಿ ಕಂಟೇನರಿಗೆ ಸಮುದ್ರದ ನೀರು ನುಗ್ಗುವುದೂ ಸೇರುತ್ತದೆ. ಕಳ್ಳತನ ಇವೆರಡರಲ್ಲೂ ಇಲ್ಲ. ‘ಎ’ ಎಂದರೆ ಎಲ್ಲ ಅಪಾಯಗಳಿಗೂ ರಕ್ಷಣೆ ಎನ್ನುತ್ತಾರೆ. ಆದರೆ ಸರಿಯಿಲ್ಲದ ಪ್ಯಾಕಿಂಗ್, ವಸ್ತುವಿನ ಸಹಜ ಗುಣದಿಂದಾದ ಹಾಳು, ತಡವಾದ್ದರಿಂದಾದ ನಷ್ಟ, ಯುದ್ಧ, ಮುಷ್ಕರ ಇವೆಲ್ಲ ಅದರಿಂದಲೂ ಹೊರಗೇ. ಯುದ್ಧ ಮತ್ತು ಮುಷ್ಕರಕ್ಕೆ ಬೇರೆ ಷರತ್ತು ಕೊಂಡುಕೊಳ್ಳಬೇಕು. ವಿಮಾ ಮೊತ್ತವನ್ನು ಸಾಮಾನ್ಯವಾಗಿ ಸರಕಿನ ಬೆಲೆ, ವಿಮೆ, ಸಾಗಣೆ ಮೂರನ್ನೂ ಕೂಡಿಸಿ, ಅದರ ಮೇಲೆ ಶೇ 10 ಸೇರಿಸಿ ನಿಗದಿ ಮಾಡುತ್ತಾರೆ.

ವಿಮೆ ಯಾರದು?

ಸಣ್ಣ ಘಟಕದವರು ಎಡವುವುದು ಇಲ್ಲಿ. ‘ಎಫ್‌ಒಬಿ’ ಲೆಕ್ಕದಲ್ಲಿ ಮಾರಿದರೆ ಹಡಗಿನ ವಿಮೆ ಕೊಳ್ಳುವವನ ತಲೆನೋವು ಎಂದು ಸುಮ್ಮನಿದ್ದುಬಿಡುತ್ತಾರೆ. ಆದರೆ ಸರಕು ಹಡಗಿಗೆ ಏರುವವರೆಗೂ ಅಪಾಯ ಮಾರುವವನದೇ. ಹೊಸೂರು ದಾಟಿ ಕೃಷ್ಣಗಿರಿ ಹತ್ತಿರ ಲಾರಿ ಮಗುಚಿದರೆ ಜರ್ಮನಿಯ ಗಿರಾಕಿಯ ಪಾಲಿಸಿ ಸಹಾಯಕ್ಕೆ ಬರುವುದಿಲ್ಲ. ದಾಸರಹಳ್ಳಿಯಿಂದ ಬಂದರಿನವರೆಗಿನ ದಾರಿಗೆ ಬೇರೆಯೇ ವಿಮೆ ಬೇಕು. ಬೆಲೆಯಲ್ಲೇ ವಿಮೆ, ಸಾಗಣೆ ಸೇರಿರುವ ‘ಸಿಐಎಫ್’ ಮಾರಾಟದಲ್ಲಿ ವಿಮೆ ಮಾರುವವನೇ ಮಾಡಿಸಬೇಕು, ಕನಿಷ್ಠ ‘ಸಿ’ ಸಾಕು. ಅಂತರರಾಷ್ಟ್ರೀಯ ಮಾರಾಟದ 2020ರ ನಿಯಮಗಳಲ್ಲಿ, ಸಾಗಣೆ ಮತ್ತು ವಿಮೆಯನ್ನು ಮಾರುವವನೇ ಭರಿಸುವ ‘ಸಿಐಪಿ’ಗೆ ‘ಎ’ ಬೇಕು.

ಕಂಟೇನರಿನೊಳಗಿನ ಮಳೆ

ಉಷ್ಣವಲಯದ ಕಡಲಿನಲ್ಲಿ ಬಿರುಗಾಳಿಗಿಂತ ಹೆಚ್ಚಾಗಿ ಕಾಡುವುದು ತೇವ. ಬಿಸಿಲಿಗೆ ಕಾದ ಕಬ್ಬಿಣದ ಪೆಟ್ಟಿಗೆಯೊಳಗೆ ಮರದ ಪ್ಯಾಲೆಟ್ಟಿನಿಂದ, ರಟ್ಟಿನಿಂದ ತೇವ ಏಳುತ್ತದೆ. ರಾತ್ರಿ ಚಾವಣಿ ತಣ್ಣಗಾದಾಗ ಅದು ಹನಿಗಟ್ಟಿ ಕೆಳಗಿನ ಸರಕಿನ ಮೇಲೆ ತೊಟ್ಟಿಕ್ಕುತ್ತದೆ. ಗ್ರೈಂಡಿಂಗ್ ಮುಗಿದು ಹೊಳೆಯುವ ಶಾಫ್ಟನ್ನು ಬರಿಗೈಯಲ್ಲಿ ಮುಟ್ಟಿದರೆ ಬೆವರಿನ ಉಪ್ಪು ಅಂಟಿಕೊಂಡು, ವಾರಗಳ ನಂತರ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಮೂಡಿರುತ್ತದೆ. ಅದಕ್ಕೇ ಕೈಗವಸು ಹಾಕಿ, ತುಕ್ಕುನಿರೋಧಕ ಎಣ್ಣೆ ಸವರಿ, ತುಕ್ಕು ತಡೆಯುವ ಆವಿ ಬಿಡುವ ವಿಸಿಐ ಹಾಳೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಕವರನ್ನು ಬಿಗಿಯುತ್ತಾರೆ.

ಲೋಹದ ಸರಕಿನ ಪಾಲಿಸಿಯಲ್ಲಿ ತುಕ್ಕನ್ನೇ ಹೊರಗಿಡುವ ಷರತ್ತು ಸಾಮಾನ್ಯ. ಹಾಗಿಲ್ಲದಿದ್ದರೂ ಪ್ಯಾಕಿಂಗ್ ಸರಿಯಿಲ್ಲ ಎಂದು ಕ್ಲೈಮು ತಳ್ಳಿಹಾಕಲು ದಾರಿಯಿದೆ. ಪ್ಯಾಕ್ ಮಾಡುವಾಗ ಹಂತಹಂತವಾಗಿ ಫೋಟೊ ತೆಗೆದಿಟ್ಟುಕೊಳ್ಳುವುದಕ್ಕೆ ಖರ್ಚಿಲ್ಲ.

ಪರವಾನಗಿ, ಮೊಹರು

ರಫ್ತಿಗೆ ಮೊದಲು ಬೇಕಾದ್ದು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಕೊಡುವ ಆಮದು–ರಫ್ತು ಸಂಕೇತ, ಐಇಸಿ. ಜಿಎಸ್‌ಟಿ ಬಂದ ಮೇಲೆ ಪ್ಯಾನ್ ಸಂಖ್ಯೆಯೇ ಐಇಸಿ. ಪ್ರತಿ ವರ್ಷ ಏಪ್ರಿಲ್–ಜೂನ್ ನಡುವೆ ಅದನ್ನು ಆನ್‌ಲೈನಿನಲ್ಲಿ ದೃಢಪಡಿಸದಿದ್ದರೆ ನಿಷ್ಕ್ರಿಯವಾಗುತ್ತದೆ. ವಿದೇಶಿ ವಿನಿಮಯದ ಅಧಿಕಾರವಿರುವ ಬ್ಯಾಂಕಿನ ಎಡಿ ಕೋಡನ್ನು ಕಸ್ಟಮ್ಸ್‌ನಲ್ಲಿ ನೋಂದಾಯಿಸಿ, ಐಸ್‌ಗೇಟ್ ಜಾಲತಾಣದ ಮೂಲಕ ಶಿಪ್ಪಿಂಗ್ ಬಿಲ್ ಸಲ್ಲಿಸಬೇಕು. ನಾಗರಿಕ, ಸೇನಾ ಬಳಕೆ ಎರಡಕ್ಕೂ ಒದಗುವ ಸೂಕ್ಷ್ಮ ಸರಕು ‘ಸ್ಕೋಮೆಟ್’ ಪಟ್ಟಿಯಲ್ಲಿದ್ದರೆ ಪ್ರತ್ಯೇಕ ಅನುಮತಿ ಕಡ್ಡಾಯ. ವಿಮಾನದ ಬಿಡಿಭಾಗ ಮಾಡುವವರು ಆ ಪಟ್ಟಿಯನ್ನು ಆರ್ಡರ್ ಒಪ್ಪಿಕೊಳ್ಳುವ ಮೊದಲೇ ನೋಡಬೇಕು.

ಮರದ ಪೆಟ್ಟಿಗೆಗೂ ರಹದಾರಿ ಬೇಕು. ಐಎಸ್‌ಪಿಎಂ–15 ನಿಯಮದಂತೆ ಶಾಖದ ಉಪಚಾರವಾದರೆ ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾದಿರಬೇಕು. ತೆನೆಯ ಗುರುತಿನ ಮೊಹರು ಹಲಗೆಯ ಮೇಲೆ ಇಲ್ಲದಿದ್ದರೆ ಆಚೆ ಬಂದರಿನಲ್ಲಿ ಸರಕು ತಡೆದು ನಿಲ್ಲಿಸುತ್ತಾರೆ. ಆ ತಡದ ನಷ್ಟವನ್ನು ‘ಎ’, ‘ಬಿ’, ‘ಸಿ’ ಯಾವುದೂ ತುಂಬುವುದಿಲ್ಲ.

ಹಡಗಿಗೇ ಅಪಾಯವಾದಾಗ

2025ರ ಮೇ 25ರಂದು ಕೊಚ್ಚಿ ಕಡಲಿನಾಚೆ ‘ಎಂಎಸ್‌ಸಿ ಎಲ್ಸಾ 3’ ಹಡಗು 640 ಕಂಟೇನರುಗಳ ಸಮೇತ ಮುಳುಗಿತು. ಜೂನ್ 9ರಂದು ಕೇರಳ ಕರಾವಳಿಯಾಚೆ ‘ವಾನ್ ಹಾಯ್ 503’ಕ್ಕೆ ಬೆಂಕಿ ಬಿತ್ತು, ಪಾರಾದ 18 ಸಿಬ್ಬಂದಿಯನ್ನು ನೌಕಾಪಡೆಯ ‘ಐಎನ್‌ಎಸ್ ಸೂರತ್’ ಮಂಗಳೂರಿಗೆ ತಂದಿತು. ಇಂಥ ನಷ್ಟಕ್ಕೆ ‘ಸಿ’ ಕೂಡ ಸಾಕು.

ತಿಳಿಯದವರನ್ನು ಕಂಗೆಡಿಸುವುದು ‘ಜನರಲ್ ಅವರೇಜ್’. ಹಡಗನ್ನೂ ಸರಕನ್ನೂ ಉಳಿಸಲು ಮಾಡಿದ ತ್ಯಾಗ, ಖರ್ಚನ್ನು ಎಲ್ಲ ಪಾಲುದಾರರೂ ಮೌಲ್ಯಕ್ಕೆ ತಕ್ಕಂತೆ ಹೊರುವ ಹಳೆಯ ಪದ್ಧತಿ ಇದು. 2021ರ ಮಾರ್ಚ್‌ನಲ್ಲಿ ಸುಯೆಜ್ ಕಾಲುವೆಗೆ ಅಡ್ಡ ಸಿಕ್ಕಿಬಿದ್ದ ‘ಎವರ್ ಗಿವನ್’ ಹಡಗಿನ ಮಾಲೀಕರು ಇದನ್ನು ಘೋಷಿಸಿದರು. ಪೆಟ್ಟಿಗೆಗೆ ಒಂದು ಗೀರೂ ಬೀಳದವರು ಕೂಡ ಖಾತರಿ ಕೊಟ್ಟೇ ಸರಕು ಬಿಡಿಸಿಕೊಳ್ಳಬೇಕಾಯಿತು. ಪಾಲಿಸಿ ಇದ್ದವರ ಪರವಾಗಿ ಆ ಖಾತರಿ ಕೊಡುವುದು ವಿಮಾ ಕಂಪನಿ. ಇಲ್ಲದವರು ನಗದು ಠೇವಣಿ ಹೊಂದಿಸಬೇಕು. ಎಷ್ಟೇ ಸಣ್ಣ ಸರಕಾಗಲಿ, ವಿಮೆಯಿಲ್ಲದೆ ಕಳಿಸಬಾರದೆನ್ನಲು ಇದೊಂದೇ ಕಾರಣ ಸಾಕು.

ಕ್ಲೈಮು

ಸರಕು ಇಳಿಸಿಕೊಳ್ಳುವಾಗ ಸೀಲು ಒಡೆದಿದ್ದರೆ, ಪೆಟ್ಟಿಗೆ ನೆನೆದಿದ್ದರೆ ರಸೀದಿಯ ಮೇಲೆಯೇ ಬರೆಯಿಸಿ, ಸರ್ವೇಯರ್ ಬರುವವರೆಗೆ ಪ್ಯಾಕಿಂಗನ್ನು ಎಸೆಯಬಾರದು. ಹೊರಗೆ ಕಾಣದ ಹಾನಿಯಾದರೆ ಹಡಗು ಕಂಪನಿಗೆ ಮೂರು ದಿನದೊಳಗೆ ಲಿಖಿತ ಸೂಚನೆ ಕೊಡಬೇಕು. ಆ ಕಂಪನಿಯ ಮೇಲೆ ದಾವೆ ಹೂಡಲು ಇರುವ ಗಡುವು ಒಂದು ವರ್ಷ.