ಲೋಗೋ (ಪ್ರೋಗ್ರಾಮಿಂಗ್ ಭಾಷೆ)

ಲೋಗೋ ಎಂಬುದು ಕಂಪ್ಯೂಟರಿಗೆ ಹೊಸಬರಾದವರಿಗೆ, ಮುಖ್ಯವಾಗಿ ಮಕ್ಕಳಿಗೆ, ಪ್ರೋಗ್ರಾಮ್ ಬರೆಯುವುದನ್ನು ಕಲಿಸಲು ರೂಪಿಸಲಾದ ಕಂಪ್ಯೂಟರ್ ಭಾಷೆ. 1967ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಜ್ ನಗರದಲ್ಲಿದ್ದ ಬೋಲ್ಟ್, ಬೆರನೆಕ್ ಅಂಡ್ ನ್ಯೂಮನ್ ಎಂಬ ಸಂಸ್ಥೆಯಲ್ಲಿ ವಾಲಿ ಫ್ಯೂರ್ಜೈಗ್, ಸೇಮರ್ ಪೇಪರ್ಟ್ ಮತ್ತು ಸಿಂಥಿಯಾ ಸಾಲಮನ್ ಇದನ್ನು ರೂಪಿಸಿದರು. ಪರದೆಯ ಮೇಲೆ ಚಲಿಸುತ್ತಾ ಬಣ್ಣಬಣ್ಣದ ಗೆರೆಗಳನ್ನು ಎಳೆಯುವ ‘ಆಮೆ’ ಈ ಭಾಷೆಯ ಗುರುತಾಗಿದೆ. ಆಮೆಗೆ ಆಜ್ಞೆಗಳನ್ನು ಕೊಟ್ಟು ಚಿತ್ರ ಬರೆಸುವ ಈ ವಿಧಾನವನ್ನು ಟರ್ಟಲ್ ಗ್ರಾಫಿಕ್ಸ್ ಎಂದು ಕರೆಯುತ್ತಾರೆ.

ಹಿನ್ನೆಲೆ

ಲೋಗೋ ಎಂಬ ಹೆಸರು ‘ಮಾತು’, ‘ವಿಚಾರ’ ಎಂಬರ್ಥದ ‘ಲೋಗೋಸ್’ ಎಂಬ ಗ್ರೀಕ್ ಪದದಿಂದ ಬಂದಿದೆ. ಹೆಸರನ್ನು ಸೂಚಿಸಿದವರು ಫ್ಯೂರ್ಜೈಗ್. ಆಗ ಬಳಕೆಯಲ್ಲಿದ್ದ ಕಂಪ್ಯೂಟರ್ ಭಾಷೆಗಳು ಹೆಚ್ಚಾಗಿ ಸಂಖ್ಯೆಗಳ ಲೆಕ್ಕಾಚಾರಕ್ಕೆ ಒದಗುತ್ತಿದ್ದವು; ಲೋಗೋ ಪದಗಳನ್ನೂ ವಾಕ್ಯಗಳನ್ನೂ ನಿಭಾಯಿಸಬೇಕೆಂಬುದು ನಿರ್ಮಾಪಕರ ಉದ್ದೇಶವಾಗಿತ್ತು. ಕೃತಕ ಬುದ್ಧಿಮತ್ತೆಯ ಸಂಶೋಧಕರು ಬಳಸುತ್ತಿದ್ದ ಲಿಸ್ಪ್ ಭಾಷೆಯೇ ಇದಕ್ಕೆ ತಾಯಿಬೇರು. ಹೀಗಾಗಿ ಮಕ್ಕಳ ಭಾಷೆ ಎನಿಸಿಕೊಂಡರೂ ಲೋಗೋ ಆಟಿಕೆಯಲ್ಲ. ಪಟ್ಟಿಗಳನ್ನು ನಿರ್ವಹಿಸುವ, ತನ್ನನ್ನು ತಾನೇ ಕರೆದುಕೊಳ್ಳುವ ಕಾರ್ಯವಿಧಾನಗಳನ್ನು ಬರೆಯುವ ಸಾಮರ್ಥ್ಯ ಅದಕ್ಕಿದೆ.

ಪೇಪರ್ಟ್ (1928–2016) ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ ಜನಿಸಿದ ಗಣಿತಜ್ಞರು. 1958ರಿಂದ 1963ರವರೆಗೆ ಅವರು ಜಿನೀವಾದಲ್ಲಿ ಮನೋವಿಜ್ಞಾನಿ ಜೀನ್ ಪಿಯಾಜೆ ಅವರೊಂದಿಗೆ ಕೆಲಸ ಮಾಡಿದ್ದರು. ಮಗು ತುಂಬಿಸಿಕೊಳ್ಳಲು ಕಾಯುವ ಬರಿದಾದ ಕೊಡವಲ್ಲ, ತನ್ನ ತಿಳಿವಳಿಕೆಯನ್ನು ತಾನೇ ಕಟ್ಟಿಕೊಳ್ಳುತ್ತದೆ ಎಂಬ ಪಿಯಾಜೆಯವರ ವಿಚಾರ ಅವರ ಮೇಲೆ ಗಾಢವಾದ ಪ್ರಭಾವ ಬೀರಿತು. ಕಂಪ್ಯೂಟರ್ ಪ್ರಶ್ನೆ ಕೇಳಿ ಮಗು ಉತ್ತರ ಒಪ್ಪಿಸುವ ಕ್ರಮವನ್ನು ಅವರು ತಿರುಗಿಸಿ ನೋಡಿದರು: ಕಂಪ್ಯೂಟರ್ ಮಗುವಿಗೆ ಕಲಿಸುವ ಬದಲು ಮಗುವೇ ಕಂಪ್ಯೂಟರಿಗೆ ಕಲಿಸಲಿ. ಈ ವಿಚಾರವನ್ನು ಅವರು 1980ರಲ್ಲಿ ಪ್ರಕಟವಾದ ‘ಮೈಂಡ್‌ಸ್ಟಾರ್ಮ್ಸ್’ ಎಂಬ ಗ್ರಂಥದಲ್ಲಿ ವಿವರಿಸಿದ್ದಾರೆ.

ಆಮೆ

ಲೋಗೋದ ಮೊದಲ ಆವೃತ್ತಿಯಲ್ಲಿ ಆಮೆ ಇರಲಿಲ್ಲ. ಅನಂತರ ಬಂದ ಮೊದಲ ಆಮೆಯೂ ಪರದೆಯ ಮೇಲಿನದಲ್ಲ, ನೆಲದ ಮೇಲೆ ಚಕ್ರಗಳ ಮೇಲೆ ಓಡಾಡುವ, ಗುಮ್ಮಟದಂತಹ ಚಿಪ್ಪುಳ್ಳ ಯಂತ್ರ. ಅದರ ಹೊಟ್ಟೆಯಡಿ ಒಂದು ಲೇಖನಿ. ಕಂಪ್ಯೂಟರಿನಿಂದ ತಂತಿಯ ಮೂಲಕ ಆಜ್ಞೆ ಬಂದಂತೆ ಅದು ಹಾಸಿದ ಕಾಗದದ ಮೇಲೆ ಗೆರೆ ಎಳೆಯುತ್ತಾ ಸಾಗುತ್ತಿತ್ತು. 1940ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ನರವಿಜ್ಞಾನಿ ವಿಲಿಯಂ ಗ್ರೇ ವಾಲ್ಟರ್ ನಿರ್ಮಿಸಿದ್ದ ಯಾಂತ್ರಿಕ ಆಮೆಗಳಿಂದ ಈ ಹೆಸರು ಬಂದಿತು. ಪರದೆಗಳು ಬಳಕೆಗೆ ಬಂದ ಮೇಲೆ ಆಮೆ ಒಂದು ಪುಟ್ಟ ತ್ರಿಕೋನವಾಗಿ ಅಲ್ಲಿಗೆ ಏರಿತು.

ಆಮೆಗೆ ಸ್ಥಾನ ಮತ್ತು ದಿಕ್ಕು ಎಂಬ ಎರಡೇ ಲಕ್ಷಣಗಳು. ‘ಫಾರ್ವರ್ಡ್ 100’ ಎಂದರೆ ಮುಖ ಮಾಡಿದ ಕಡೆಗೆ ನೂರು ಹೆಜ್ಜೆ ನಡೆಯುತ್ತದೆ. ‘ರೈಟ್ 90’ ಎಂದರೆ ನಿಂತಲ್ಲಿಯೇ ತೊಂಬತ್ತು ಡಿಗ್ರಿ ಬಲಕ್ಕೆ ತಿರುಗುತ್ತದೆ. ಚೌಕವೊಂದನ್ನು ಬರೆಯಲು ಈ ಎರಡು ಆಜ್ಞೆಗಳನ್ನು ನಾಲ್ಕು ಬಾರಿ ಕೊಟ್ಟರೆ ಸಾಕು:

ರಿಪೀಟ್ 4 [ಫಾರ್ವರ್ಡ್ 100 ರೈಟ್ 90]

ಶಾಲೆಯಲ್ಲಿ ಕಲಿಸುವ ನಿರ್ದೇಶಾಂಕ ರೇಖಾಗಣಿತಕ್ಕೂ ಇದಕ್ಕೂ ಮುಖ್ಯವಾದ ವ್ಯತ್ಯಾಸವಿದೆ. ಅಲ್ಲಿ ಪ್ರತಿಯೊಂದು ಬಿಂದುವನ್ನೂ ದೂರದ ಮೂಲಬಿಂದುವಿನಿಂದ ಅಳೆಯಬೇಕು. ಇಲ್ಲಿ ಆಮೆ ಇದ್ದಲ್ಲಿಂದಲೇ ಎಲ್ಲವೂ ಆರಂಭವಾಗುತ್ತದೆ. ಮುಂದೇನು ಮಾಡಬೇಕೆಂದು ತೋಚದ ಮಗು ಎದ್ದು ನಿಂತು ತಾನೇ ಆಮೆಯಾಗಿ ನಡೆದು ನೋಡಬಹುದು. ವೃತ್ತ ಬರೆಯುವುದು ಹೇಗೆಂದು ಕೇಳಿದ ಮಗುವಿಗೆ ಸೂತ್ರವನ್ನು ಹೇಳದೆ, ವೃತ್ತಾಕಾರವಾಗಿ ನಡೆದು ನೋಡೆಂದು ಹೇಳುವುದು ಲೋಗೋ ತರಗತಿಯ ರೂಢಿ. ಸ್ವಲ್ಪ ನಡೆ, ಸ್ವಲ್ಪ ತಿರುಗು, ಮತ್ತೆ ಹಾಗೆಯೇ ಮಾಡು ಎಂಬುದು ಕಾಲಿಗೆ ತಿಳಿದ ಬಳಿಕ ‘ರಿಪೀಟ್ 360 [ಫಾರ್ವರ್ಡ್ 1 ರೈಟ್ 1]’ ಎಂದು ಬರೆಯುವುದು ಕಷ್ಟವಲ್ಲ.

ತಪ್ಪಿನ ಸ್ಥಾನ

ಸಮಬಾಹು ತ್ರಿಕೋನದ ಪ್ರತಿ ಕೋನ 60 ಡಿಗ್ರಿ ಎಂದು ಓದಿರುವ ಮಗು ಸಹಜವಾಗಿಯೇ ‘ರಿಪೀಟ್ 3 [ಫಾರ್ವರ್ಡ್ 100 ರೈಟ್ 60]’ ಎಂದು ಬರೆಯುತ್ತದೆ. ಪರದೆಯ ಮೇಲೆ ತ್ರಿಕೋನ ಮೂಡುವುದಿಲ್ಲ, ಷಟ್ಕೋನದ ಅರ್ಧಭಾಗ ಮೂಡುತ್ತದೆ. ಆಮೆ ತಿರುಗುವುದು ಒಳಗಿನ ಕೋನದಷ್ಟಲ್ಲ, ಹೊರಗಿನ ಕೋನದಷ್ಟು, ಅಂದರೆ 120 ಡಿಗ್ರಿ. ಯಾವುದೇ ಸರಳ ಬಹುಭುಜಾಕೃತಿಯನ್ನು ಒಂದು ಸುತ್ತು ಹಾಕಿ ಹೊರಟ ದಿಕ್ಕಿಗೇ ಮರಳುವ ಆಮೆ ಒಟ್ಟು 360 ಡಿಗ್ರಿ ತಿರುಗಿರುತ್ತದೆ ಎಂಬ ನಿಯಮವನ್ನು ಮಗು ಇಲ್ಲಿಂದ ಕಂಡುಕೊಳ್ಳಬಲ್ಲದು. ಐದು ಮೂಲೆಯ ನಕ್ಷತ್ರಕ್ಕೆ 144 ಡಿಗ್ರಿಯಂತೆ ಐದು ಬಾರಿ ತಿರುಗಬೇಕು. ಮೊತ್ತ 720, ಅಂದರೆ ಆಮೆ ಎರಡು ಸುತ್ತು ತಿರುಗಿರುತ್ತದೆ.

ಪೇಪರ್ಟ್ ವಿವರಿಸುವ ಇನ್ನೊಂದು ಉದಾಹರಣೆ ಮನೆಯ ಚಿತ್ರ. ಮಗು ಮೊದಲು ಚೌಕವನ್ನೂ ತ್ರಿಕೋನವನ್ನೂ ಬರೆಯುವುದನ್ನು ಕಂಪ್ಯೂಟರಿಗೆ ಕಲಿಸಿ, ಅವೆರಡಕ್ಕೂ ಹೆಸರಿಡುತ್ತದೆ. ಬಳಿಕ ‘ಚೌಕ, ತ್ರಿಕೋನ’ ಎಂದು ಒಂದಾದ ಮೇಲೊಂದು ಆಜ್ಞಾಪಿಸಿದರೆ ಸೂರು ಗೋಡೆಯ ಮೇಲೆ ಕೂರದೆ ಗೋಡೆಯೊಳಗೆ ಬೀಳುತ್ತದೆ. ಚೌಕ ಮುಗಿದಾಗ ಆಮೆ ಹೊರಟಲ್ಲಿಗೇ, ಅಂದರೆ ಕೆಳಗಿನ ಮೂಲೆಗೆ, ಮರಳಿರುವುದೇ ಇದಕ್ಕೆ ಕಾರಣ. ನಡುವೆ ‘ಫಾರ್ವರ್ಡ್ 100 ರೈಟ್ 30’ ಎಂದು ಸೇರಿಸಿದರೆ ಮನೆ ನೆಟ್ಟಗಾಗುತ್ತದೆ. ತರಗತಿಯ ಪುಸ್ತಕದಲ್ಲಿ ಕೆಂಪು ಶಾಯಿಯ ಗುರುತು ಬಿದ್ದ ಲೆಕ್ಕ ಅಲ್ಲಿಗೇ ಮುಗಿಯುತ್ತದೆ. ಇಲ್ಲಿಯಾದರೋ ತಪ್ಪು ಕಣ್ಣೆದುರು ಚಿತ್ರವಾಗಿ ನಿಂತಿರುತ್ತದೆ. ಅದು ಸರಿಯೇ ತಪ್ಪೇ ಎನ್ನುವುದಕ್ಕಿಂತ ಅದನ್ನು ತಿದ್ದುವುದು ಹೇಗೆ ಎಂಬ ಪ್ರಶ್ನೆ ಮುಂದಾಗುತ್ತದೆ. ಕಲಿಸದ ಪದವೊಂದನ್ನು ಬೆರಳಚ್ಚಿಸಿದಾಗ ಲೋಗೋ ತೋರಿಸುವ ಸಂದೇಶವೂ ಬೈಗುಳದಂತಿಲ್ಲ. ‘ಇದನ್ನು ಮಾಡಲು ನನಗೆ ತಿಳಿಯದು’ ಎಂಬುದು ಅದರ ಅರ್ಥ. ಕಲಿಸಬೇಕಾದವರು ಯಾರೆಂಬುದನ್ನು ಆ ಸಂದೇಶವೇ ಸೂಚಿಸುತ್ತದೆ.

ಬಣ್ಣ ಮತ್ತು ಚಲನೆ

ಆರಂಭದ ಲೋಗೋದಲ್ಲಿ ಬಣ್ಣಕ್ಕೆ ಅವಕಾಶವಿರಲಿಲ್ಲ. 1980ರ ದಶಕದ ಆರಂಭದಲ್ಲಿ ಗೃಹಬಳಕೆಯ ಕಂಪ್ಯೂಟರುಗಳು ಬಂದ ನಂತರ ಈ ಕೊರತೆ ನೀಗಿತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಯಂತ್ರಕ್ಕಾಗಿ ಸಿದ್ಧವಾದ ಲೋಗೋದಲ್ಲಿ ಆಮೆಯ ಜೊತೆಗೆ ‘ಸ್ಪ್ರೈಟ್’ ಎಂಬ 32 ಚಲಿಸುವ ಆಕೃತಿಗಳಿದ್ದವು. ಪ್ರತಿಯೊಂದಕ್ಕೂ ಆಕಾರ, ಬಣ್ಣ, ದಿಕ್ಕು, ವೇಗಗಳನ್ನು ಗೊತ್ತುಪಡಿಸಬಹುದಿತ್ತು. ಅನಂತರದ ಆವೃತ್ತಿಗಳಲ್ಲಿ ‘ಸೆಟ್‌ಪೆನ್‌ಕಲರ್’ ಆಜ್ಞೆಯಿಂದ ಗೆರೆಯ ಬಣ್ಣವನ್ನೂ ‘ಫಿಲ್’ ಆಜ್ಞೆಯಿಂದ ಆಕೃತಿಯ ಒಳಬಣ್ಣವನ್ನೂ ಬದಲಾಯಿಸಬಹುದು. ಚೌಕವೊಂದನ್ನು ಬರೆದು 10 ಡಿಗ್ರಿ ತಿರುಗಿ, ಇದನ್ನೇ 36 ಬಾರಿ ಪುನರಾವರ್ತಿಸಿ, ಪ್ರತಿ ಬಾರಿ ಬಣ್ಣವನ್ನೂ ಬದಲಿಸಿದರೆ ಪರದೆಯಲ್ಲಿ ಹೂವೊಂದು ಅರಳುತ್ತದೆ. ಒಂದೇ ಸಾಲಿನಿಂದ ಇಷ್ಟು ದೊರೆಯುವುದನ್ನು ಕಂಡ ಮಗು ಸಂಖ್ಯೆಗಳನ್ನು ಬದಲಿಸಿ ನೋಡದೆ ಇರದು.

ಇಂತಹ ಪುನರಾವರ್ತನೆ ರಂಗೋಲಿಯ ಜೀವಾಳವೂ ಹೌದು. ತಮಿಳುನಾಡಿನ ಕೋಲಂ ಚಿತ್ರಗಳನ್ನು ವ್ಯಾಕರಣದ ನಿಯಮಗಳಂತೆ ವಿವರಿಸುವ ಅಧ್ಯಯನವನ್ನು ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೊಮನಿ ಮತ್ತು ಸಂಗಡಿಗರು 1970ರ ದಶಕದಲ್ಲಿ ಕೈಗೊಂಡರು. ಮುಂದೆ ಪ್ರಜೆಮಿಸ್ಲಾ ಪ್ರುಸಿಂಕಿವಿಚ್ ಅಂತಹ ನಿಯಮಗಳಿಂದ ಆಮೆಯ ಚಲನೆಯ ಮೂಲಕ ಕೋಲಂ ಬರೆಸಿ ತೋರಿಸಿದರು.

ಪದಗಳೊಂದಿಗೆ ಕೆಲಸ

ಆಮೆಯ ಜನಪ್ರಿಯತೆಯಿಂದಾಗಿ ಲೋಗೋದ ಭಾಷಿಕ ಮುಖ ಮರೆಯಾಗಿರುವುದು ವಿಷಾದದ ಸಂಗತಿ. ಪೇಪರ್ಟ್ ಅವರ ಗ್ರಂಥದಲ್ಲಿ ಹದಿಮೂರರ ಹರೆಯದ ಹುಡುಗಿಯೊಬ್ಬಳ ಪ್ರಸಂಗವಿದೆ. ಕಂಪ್ಯೂಟರಿನಿಂದ ಕವಿತೆಯಂತಹ ಸಾಲುಗಳನ್ನು ಬರೆಸಲು ಅವಳು ಪದಗಳನ್ನು ರಾಶಿ ರಾಶಿಯಾಗಿ ವಿಂಗಡಿಸಬೇಕಾಯಿತು. ಕ್ರಿಯಾಪದ ಇರಬೇಕಾದೆಡೆ ನಾಮಪದ ಬಂದರೆ ಸಾಲು ಅರ್ಥಹೀನವಾಗುತ್ತಿತ್ತು. ವರ್ಷಗಳ ವ್ಯಾಕರಣ ಪಾಠದಿಂದ ತಿಳಿಯದಿದ್ದ ನಾಮಪದ, ಕ್ರಿಯಾಪದಗಳ ಪ್ರಯೋಜನ ಅವಳಿಗೆ ಅಂದು ತಿಳಿಯಿತು.

ಟೀಕೆ

1980ರ ದಶಕದಲ್ಲಿ ಲೋಗೋ ಅಮೆರಿಕ ಮತ್ತು ಬ್ರಿಟನ್ನಿನ ಶಾಲೆಗಳಿಗೆ ವೇಗವಾಗಿ ಹಬ್ಬಿತು. ಜೊತೆಯಲ್ಲಿಯೇ ನಿರೀಕ್ಷೆಯೂ ಉಬ್ಬಿತು. ನ್ಯೂಯಾರ್ಕಿನ ಬ್ಯಾಂಕ್ ಸ್ಟ್ರೀಟ್ ಕಾಲೇಜಿನ ರಾಯ್ ಪೀ ಮತ್ತು ಮಿಡಿಯನ್ ಕರ್ಲೆಂಡ್, ಲೋಗೋ ಕಲಿತ ಮಕ್ಕಳು ಬೇರೆ ಕೆಲಸಗಳಿಗೆ ಯೋಜನೆ ಹಾಕುವುದರಲ್ಲಿ ಕಲಿಯದ ಮಕ್ಕಳಿಗಿಂತ ಮುಂದಿರಲಿಲ್ಲವೆಂದು ವರದಿ ಮಾಡಿದರು. ಪೇಪರ್ಟ್ 1987ರಲ್ಲಿ ಉತ್ತರಿಸುತ್ತಾ, ಮರದಿಂದ ಒಳ್ಳೆಯ ಮನೆ ಆಗುತ್ತದೆಯೇ ಎಂದು ಕೇಳಿದರೆ ಹೇಗೋ, ಲೋಗೋ ಮಕ್ಕಳನ್ನು ಜಾಣರನ್ನಾಗಿಸುತ್ತದೆಯೇ ಎಂಬ ಪ್ರಶ್ನೆಯೂ ಹಾಗೆಯೇ ಎಂದು ವಾದಿಸಿದರು. ಈ ಉತ್ತರ ಚತುರವಾದದ್ದು. ಆದರೆ ಬಡಗಿಯ ಸ್ಥಾನದಲ್ಲಿರುವ ಶಿಕ್ಷಕರ ತರಬೇತಿಯ ಪ್ರಶ್ನೆಯನ್ನು ಅದು ಪರಿಹರಿಸುವುದಿಲ್ಲ.

ಭಾರತದಲ್ಲಿ

ಕರ್ನಾಟಕವೂ ಸೇರಿದಂತೆ ಭಾರತದ ಅನೇಕ ಖಾಸಗಿ ಶಾಲೆಗಳ ಪ್ರಾಥಮಿಕ ತರಗತಿಗಳಲ್ಲಿ ಎಂಎಸ್‌ಡಬ್ಲ್ಯು ಲೋಗೋ ಎಂಬ ಉಚಿತ ತಂತ್ರಾಂಶದ ಮೂಲಕ ಈ ಭಾಷೆಯನ್ನು ಪರಿಚಯಿಸಲಾಗಿದೆ. ಬರ್ಕ್ಲಿ ವಿಶ್ವವಿದ್ಯಾಲಯದ ಬ್ರಯನ್ ಹಾರ್ವಿ ಮತ್ತು ಅವರ ವಿದ್ಯಾರ್ಥಿಗಳು ಸಿದ್ಧಪಡಿಸಿದ ಯುಸಿಬಿ ಲೋಗೋ ಇದಕ್ಕೆ ಆಧಾರ. ಪಠ್ಯಪುಸ್ತಕಗಳ ಅಭ್ಯಾಸಗಳು ಮಾತ್ರ ಹಲವೊಮ್ಮೆ ‘ಎಫ್‌ಡಿ’, ‘ಆರ್‌ಟಿ’ಗಳ ಪೂರ್ಣರೂಪ ಬರೆಯಿರಿ, ಬಿಟ್ಟ ಸ್ಥಳ ತುಂಬಿರಿ ಎಂಬಲ್ಲಿಗೆ ನಿಲ್ಲುತ್ತವೆ. ಸೂರು ಗೋಡೆಯೊಳಗೆ ಬಿದ್ದ ಮನೆಗೆ ಇಂತಹ ಪರೀಕ್ಷೆಯಲ್ಲಿ ಅಂಕವಿರುವುದಿಲ್ಲ, ಅದನ್ನು ತಿದ್ದಿದ ಮಗುವಿಗೂ ಇರುವುದಿಲ್ಲ. ಆಜ್ಞೆಗಳು ಇಂಗ್ಲಿಷಿನಲ್ಲಿರುವುದು ಕನ್ನಡ ಮಾಧ್ಯಮದ ಮಕ್ಕಳಿಗೆ ತೊಡಕೆನಿಸಬಹುದಾದರೂ, ಚಿತ್ರ ಬರೆಯಲು ಬೇಕಾಗುವ ಪದಗಳು ಹತ್ತು ಹನ್ನೆರಡನ್ನು ಮೀರುವುದಿಲ್ಲ.

ಉತ್ತರಾಧಿಕಾರಿಗಳು

ಲೆಗೋ ಕಂಪನಿ 1998ರಲ್ಲಿ ಹೊರತಂದ ರೋಬಾಟ್ ಜೋಡಣೆಯ ಆಟಿಕೆಗೆ ಪೇಪರ್ಟ್ ಅವರ ಗ್ರಂಥದ ಹೆಸರನ್ನೇ ಇಡಲಾಯಿತು. ಮಿಚೆಲ್ ರೆಸ್ನಿಕ್ ಅವರ ನೇತೃತ್ವದಲ್ಲಿ ಎಂಐಟಿ ಮೀಡಿಯಾ ಲ್ಯಾಬ್ 2007ರಲ್ಲಿ ಬಿಡುಗಡೆ ಮಾಡಿದ ಸ್ಕ್ರ್ಯಾಚ್ ಇದೇ ಪರಂಪರೆಯದು. ಅದರಲ್ಲಿ ಆಜ್ಞೆಗಳನ್ನು ಬೆರಳಚ್ಚಿಸಬೇಕಿಲ್ಲ, ಬಣ್ಣದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿದರೆ ಸಾಕು. ಪೈಥಾನ್ ಭಾಷೆಯೊಂದಿಗೆ ದೊರೆಯುವ ‘ಟರ್ಟಲ್’ ಗ್ರಂಥಾಲಯದಲ್ಲಿ ಲೋಗೋದ ಆಮೆ ಇಂದಿಗೂ ಹೆಚ್ಚು ಕಡಮೆ ಅವೇ ಆಜ್ಞೆಗಳಿಗೆ ಓಗೊಡುತ್ತದೆ.